ಮೂರು ಫ್ರೀಜರು, ಒಂದು ಜನರೇಟರು

ಜುಲೈ 8, ಮಂಗಳವಾರ

ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟು ಹೋಯಿತು. ನಮ್ಮೂರಲ್ಲಿ ಕರೆಂಟು ಹೋಗುವುದು ಹೊಸದಲ್ಲ. ಆದರೆ ಈ ಸಲ ಪವರ್‌ಹೌಸಿನ ದೊಡ್ಡ ಎಂಜಿನ್ನು ಎರಡು ಸಲ ಕೆಮ್ಮಿ ನಿಂತ ಸದ್ದು ಇಲ್ಲಿಯವರೆಗೂ ಕೇಳಿತು. ಸಂಜೆ ಪವರ್‌ಹೌಸ್ ನೋಡಿಕೊಳ್ಳುವ ಹ್ಯೂಬರ್ಟ್ ರೇಡಿಯೋದಲ್ಲಿ ಹೇಳಿದ. ನಮ್ಮಲ್ಲಿ ಮನೆಮನೆಗೂ ಒಂದು ಬ್ಯಾಟರಿ ರೇಡಿಯೋ, ಒಬ್ಬರು ಮಾತಾಡಿದರೆ ಊರೇ ಕೇಳಿಸಿಕೊಳ್ಳುತ್ತದೆ.

"ಎಲ್ಲಾರೂ ಕೇಳಿಸ್ಕೊಳ್ಳಿ. ದೊಡ್ಡ ಎಂಜಿನ್ ಕೂತುಬಿಟ್ಟಿದೆ. ಸಣ್ಣದು ಹೋದ ವರ್ಷದಿಂದ್ಲೇ ಸರಿ ಇಲ್ಲ. ಸಾಮಾನು ಫೇರ್‌ಬ್ಯಾಂಕ್ಸಿಂದ ವಿಮಾನದಲ್ಲಿ ಬರ್ಬೇಕು. ನಾಲ್ಕು ದಿನ ಆಗ್ಬಹುದು."

ನನ್ನ ತಮ್ಮ ಎಮೆಟ್ ಇದ್ದಿದ್ದರೆ ನಾಲ್ಕು ಗಂಟೆ ಆಗುತ್ತಿತ್ತು. ಹನ್ನೊಂದು ವರ್ಷ ಆ ಎಂಜಿನ್ನನ್ನು ಮಗುವಿನ ಹಾಗೆ ನೋಡಿಕೊಂಡವನು. ಈಗ ಅವನ ಕುರ್ಚಿಯಲ್ಲಿ ಹ್ಯೂಬರ್ಟ್ ಕೂತಿದ್ದಾನೆ. ಕೂರಲು ಅವನಿಗೆ ಮನಸ್ಸಾದರೂ ಹೇಗೆ ಬಂತೋ.

ಆಗಸ್ಟ್ ಹದಿನಾರಕ್ಕೆ ಎಮೆಟ್‌ನ ಬೀಳ್ಕೊಡುಗೆಯ ಊಟ. ಐದು ಊರಿನವರು ಬರುತ್ತಾರೆ. ಉಣ್ಣಿಸಿ, ಹಾಡಿ, ಕುಣಿದು ಕಳಿಸಿಕೊಡುವವರೆಗೆ ಸತ್ತವರು ನಮ್ಮ ಸುತ್ತಲೇ ಇರುತ್ತಾರೆ, ಅವರಿಗೂ ನೆಮ್ಮದಿಯಿಲ್ಲ, ನಮಗೂ ಇಲ್ಲ. ಅದಕ್ಕೆಂದು ಒಂಬತ್ತು ತಿಂಗಳಿಂದ ಕೂಡಿಟ್ಟದ್ದೆಲ್ಲ ಮೂರು ಫ್ರೀಜರಿನಲ್ಲಿದೆ. ನಮ್ಮ ಜಗಲಿಯ ಫ್ರೀಜರಿನಲ್ಲಿ ಸಾಲ್ಮನ್ ಮೀನು. ಪಕ್ಕದ ಮನೆಯ ಸಲೀನಾ ಚಿಕ್ಕಮ್ಮನ ಶೆಡ್ಡಿನಲ್ಲಿ ಬಾತು, ಬೀವರ್ ಮಾಂಸ, ಹಣ್ಣು. ಬೀಗ ಹಾಕಿದ ಎಮೆಟ್‌ನ ಮನೆಯಲ್ಲಿ ಅವನೇ ಹೊಡೆದ ಕೊನೆಯ ಮೂಸ್ ಜಿಂಕೆ, ಇಡೀ ಪ್ರಾಣಿ, ತುಂಡು ತುಂಡಾಗಿ ಕಾಗದದಲ್ಲಿ ಸುತ್ತಿ ಅವನ ಕೈಯಲ್ಲೇ ತಾರೀಕು ಬರೆದದ್ದು. ಎಲ್ಲರ ತಟ್ಟೆಗೂ ಅದರ ಒಂದೊಂದು ಚೂರು ಬೀಳಬೇಕೆಂದು ನಾನು ಅದನ್ನು ಮುಟ್ಟಿಲ್ಲ.

ಚಳಿಗಾಲವಾಗಿದ್ದರೆ ಎಲ್ಲವನ್ನೂ ಹೊರಗೆ ಒಟ್ಟಿ ತಾಡಪಾಲು ಹೊದಿಸಿದರೆ ಮುಗಿಯುತ್ತಿತ್ತು. ಈಗ ನಡುಬೇಸಿಗೆ, ಸೂರ್ಯ ಮುಳುಗಿದ ಹಾಗೆ ಮಾಡಿ ಮತ್ತೆ ಎದ್ದು ಬರುತ್ತಾನೆ.

ಇನ್ನೊಂದು ಫ್ರೀಜರ್ ಬರಬೇಕಿತ್ತು. ಅದಿರಲಿ.

ಜುಲೈ 9, ಬುಧವಾರ

ಎಮೆಟ್‌ನ ಜನರೇಟರನ್ನು ಹೊರಗೆ ತೆಗೆದೆ. ಮೀನಿನ ಕ್ಯಾಂಪಿಗೆ ಒಯ್ಯುತ್ತಿದ್ದ ಸಣ್ಣದು, ಪಕ್ಕದ ಪಟ್ಟಿಯಲ್ಲಿ ಎರಡು ಸಾವಿರ ವ್ಯಾಟ್ ಎಂದಿದೆ. ಮೂರನೇ ಎಳೆತಕ್ಕೆ ಹತ್ತಿಕೊಂಡಿತು. ಕಿಟಕಿಯಿಂದ ಇಪ್ಪತ್ತು ಹೆಜ್ಜೆ ಆಚೆ ಇಟ್ಟೆ.

"ಮಳೆ ಬರೋ ಹಾಗಿದೆ, ಜಗಲಿ ಮೇಲಿಡೇ ವರ್ನಾ" ಅಂದಳು ಚಿಕ್ಕಮ್ಮ.

"ಆ ಹೊಗೆ ಒಳಗ್ ಬಂದ್ರೆ ನಾವಿಬ್ರೂ ಮಲಗಿದವರು ಏಳಲ್ಲ."

"ಹಂಗಾದ್ರೆ ಅಲ್ಲೇ ಇರ್ಲಿ. ಎಮೆಟ್‌ನ ಊಟ ಉಣ್ಣದೆ ನಾನೆಲ್ಲೂ ಹೋಗಲ್ಲ."

ಎಂಬತ್ತೆರಡಾದರೂ ಬಾಯಿ ಮಾತ್ರ ಇಪ್ಪತ್ತೆರಡರದು.

ಒಂದೊಂದರ ಪಟ್ಟಿ ಓದಿ ಲೆಕ್ಕ ಹಾಕಿದೆ. ಫ್ರೀಜರ್ ಒಂದಕ್ಕೆ ಇನ್ನೂರು ವ್ಯಾಟ್, ಮೂರಕ್ಕೆ ಆರುನೂರು. ಕರೆಂಟಿನ ಕಾಫಿ ಪಾತ್ರೆಗೆ ಒಂದು ಸಾವಿರ. ಒಟ್ಟು ಸಾವಿರದ ಆರುನೂರು, ಇನ್ನೂ ನಾನೂರು ಉಳಿಯುತ್ತದೆ. ಮೂರು ಮನೆಗೂ ವೈರು ಎಳೆದು, ಎಮೆಟ್‌ನ ಮನೆಯಲ್ಲಿ ಕಿಟಕಿಯಿಂದಲೇ ಕೈ ಚಾಚಿ, ಎಲ್ಲವನ್ನೂ ಸಿಕ್ಕಿಸಿ, ಕಾಫಿಗೂ ಇಟ್ಟೆ. ಜನರೇಟರಿನ ಕೆಂಪು ದೀಪ ಹತ್ತಿ ಎಲ್ಲವೂ ಸತ್ತುಹೋಯಿತು. ನಾಲ್ಕು ಸಲ ಹಾಗೇ ಆಯಿತು.

"ತಮ್ಮನಿಗಿಂತ ಕಾಫಿ ಹೆಚ್ಚಾಯ್ತಾ ನಿಂಗೆ?" ಅಂದಳು ಚಿಕ್ಕಮ್ಮ. ಕಾಫಿ ತೆಗೆದೆ. ಆದರೂ ನಿಲ್ಲಲಿಲ್ಲ.

ಅಷ್ಟರಲ್ಲಿ ಹ್ಯೂಬರ್ಟ್ ಬಂದ. ನಮ್ಮ ಮೆಟ್ಟಿಲು ಹತ್ತಬಾರದು ಎಂದು ಚಳಿಗಾಲದಲ್ಲೇ ಹೇಳಿದ್ದೇನೆ, ಕೆಳಗೇ ನಿಂತ. ಮೈತುಂಬ ಗ್ರೀಸು. ಭುಜದ ಮೇಲೆ ಹೆಬ್ಬೆರಳು ದಪ್ಪದ ಹಳದಿ ವೈರಿನ ಸುರುಳಿ.

"ಅಕ್ಕಾ, ಫ್ರೀಜರು ಓಡೋವಾಗ ಇನ್ನೂರು ಅಷ್ಟೆ. ಆದ್ರೆ ಶುರುವಾಗೋ ಆ ಒಂದು ಕ್ಷಣ ಒಂದೊಂದೂ ಏಳ್ನೂರು ಎಂಟ್ನೂರು ಎಳೆಯುತ್ತೆ. ಮೂರೂ ಒಟ್ಟಿಗೆ ಎದ್ರೆ ಇದು ತಡೆಯಲ್ಲ. ಆ ಎರಡು ಸಾವಿರ ಅನ್ನೋದು ಕೂಡ ಒಂದು ಗಳಿಗೆಗೆ. ದಿನವೆಲ್ಲ ತಾಳೋದು ಸಾವಿರದ ಆರ್ನೂರು. ಒಂದೊಂದಕ್ಕೇ ಎರಡೆರಡು ಗಂಟೆ ಸರದಿ ಕೊಡು. ಮುಚ್ಚಳ ತೆಗೀಬೇಡ. ತುಂಬಿರೋ ಫ್ರೀಜರು ಎರಡು ದಿನ ಗಟ್ಟಿಯಾಗೇ ಇರುತ್ತೆ."

ನಾನು ಜನರೇಟರಿನ ಕಡೆ ತಿರುಗಿದೆ.

"ಎಮೆಟ್ ಮನೆಗೆ ಎಳೆದಿದೀಯಲ್ಲ, ಆ ವೈರು ದೀಪಕ್ಕೆ ಸರಿ. ಅಷ್ಟು ದೂರಕ್ಕೆ ಅಷ್ಟು ಸಣ್ಣದು ಹಾಕಿದ್ರೆ ಆ ಕಡೆಗೆ ಜೋರು ಸಾಲಲ್ಲ. ಮೋಟ್ರು ಏಳೋಕಾಗದೆ ಒದ್ದಾಡಿ ಸುಟ್ಟುಹೋಗುತ್ತೆ. ಇದನ್ನ ಹಾಕ್ಕೋ. ಇಲ್ಲಾ, ಜನರೇಟರನ್ನೇ ಅವನ ಮನೆ ಹತ್ರ ತಗೊಂಡ್ ಹೋಗು."

"ದೋಣಿಗೆ ಎಷ್ಟು ಭಾರ ಹಾಕ್ಬೇಕು ಅಂತ ಗೊತ್ತಿಲ್ಲದವನು ನಂಗೆ ಲೆಕ್ಕ ಹೇಳ್ಕೊಡೋಕೆ ಬರ್ತಾನೆ!" ಅಂದೆ.

ಅವನು ವೈರನ್ನು ಮೆಟ್ಟಿಲ ಮೇಲಿಟ್ಟು ಹೋದ. ಚಿಕ್ಕಮ್ಮ ನದಿಯ ಕಡೆ ನೋಡುತ್ತ ಕೂತಿದ್ದಳು. ನಾನು ಈ ಮಾತನ್ನು ಅಂಗಡಿಯಲ್ಲಿ ಆಡಿದ್ದೇನೆ, ಚರ್ಚಿನಲ್ಲಿ ಆಡಿದ್ದೇನೆ, ಹ್ಯೂಬರ್ಟ್‌ನ ಹೆಂಡತಿಯ ಮುಖಕ್ಕೇ ಆಡಿದ್ದೇನೆ. ಇದುವರೆಗೆ ಒಬ್ಬರೂ ಎದುರಾಡಿಲ್ಲ. ನಿಜ ಎಲ್ಲರಿಗೂ ಗೊತ್ತು.

ಜುಲೈ 10, ಗುರುವಾರ

ಜನರೇಟರಿಗೆ ಒಂದೊಂದಾಗಿ ಸಿಕ್ಕಿಸಿದರೆ ಮೂರೂ ನಿಲ್ಲುತ್ತವೆ. ಇದು ನನಗೇ ಹೊಳೆದದ್ದು. ಮೊದಲು ನಮ್ಮದು, ಆಮೇಲೆ ಚಿಕ್ಕಮ್ಮನದು, ಕೊನೆಗೆ ಎಮೆಟ್‌ನದು. ಸರದಿ ಗಿರದಿ ಏನೂ ಬೇಕಾಗಲಿಲ್ಲ. ಎಮೆಟ್‌ನ ಮನೆಯ ಬಾಗಿಲಿಗೆ ಕಿವಿಯಿಟ್ಟೆ, ಒಳಗೆ ಗುಂಯ್ ಅನ್ನುತ್ತಿತ್ತು. ಒಳಗೆ ಹೋಗಲಿಲ್ಲ. ಅವನ ಕೋಟು ಬಾಗಿಲ ಹಿಂದೆ ನೇತಾಡುತ್ತಿದೆ, ಅದನ್ನು ನೋಡಲಾಗುವುದಿಲ್ಲ.

ಹಳದಿ ವೈರು ಮೆಟ್ಟಿಲ ಮೇಲೇ ಇದೆ. ದಾಟಿಕೊಂಡು ಓಡಾಡುತ್ತೇನೆ.

ಸಿಟ್ಟು ಬಂದಾಗಲೆಲ್ಲ ಇದನ್ನು ಮತ್ತೆ ಮತ್ತೆ ಬರೆಯುತ್ತೇನೆ, ಇವತ್ತೂ ಬರೆಯುತ್ತೇನೆ. ಹೋದ ಅಕ್ಟೋಬರಿನಲ್ಲಿ ಯೂಕಾನ್ ನದಿಯಲ್ಲಿ ನೀರು ಇಳಿದು, ಸರಕಿನ ಹಡಗು ನಮ್ಮೂರ ತನಕ ಬರದೆ ಎಲ್ಲರ ಸಾಮಾನನ್ನೂ ಕೆಳಗಿನ ಊರಲ್ಲೇ ಇಳಿಸಿ ಹೋಗಿತ್ತು. ಮೂರನೇ ತಾರೀಕು ಎಮೆಟ್, ಹ್ಯೂಬರ್ಟ್ ಇಬ್ಬರೂ ಹ್ಯೂಬರ್ಟ್‌ನ ದೋಣಿಯಲ್ಲಿ ಹೋದರು. ಬರುವಾಗ ಗಾಳಿ ಎದ್ದಿತು. ತುಂಬಿದ ದೋಣಿ, ಅಲೆ ಒಳಗೆ ಬಂತು. ಹ್ಯೂಬರ್ಟ್ ಈಜಿ ದಡ ಸೇರಿದ. ಎಮೆಟ್ ಸೇರಲಿಲ್ಲ. ಹತ್ತೊಂಬತ್ತು ದಿನ ಕೊಕ್ಕೆ ಹಾಕಿ ಎಳೆದು, ಮಂಜುಗಡ್ಡೆ ತೇಲಿಬರಲು ಶುರುವಾದ ಮೇಲೆ ಅವನನ್ನು ತಂದರು. ಕೊಕ್ಕೆಗೆ ಸಿಕ್ಕಿಸಿ ತಂದವನೂ ಹ್ಯೂಬರ್ಟೇ.

ಆ ಬೆಳಿಗ್ಗೆ ಎಮೆಟ್ ಜೊತೆ ರೇಡಿಯೋದಲ್ಲಿ ಮಾತಾಡಿದ್ದೆ. ಏನೋ ತಮಾಷೆಯ ಮಾತು. ನೆನಪಿಲ್ಲ.

ಜುಲೈ 12, ಶನಿವಾರ

ಮಳೆ. ಮೋಡ ಮರದ ತುದಿಗೆ ಇಳಿದಿದೆ. ವಿಮಾನ ಬರಲಿಲ್ಲ.

ಜುಲೈ 13, ಭಾನುವಾರ

ಎಮೆಟ್‌ನ ಫ್ರೀಜರು ಸುಟ್ಟುಹೋಗಿದೆ.

ಚರ್ಚಿನಿಂದ ಬರುವಾಗ ಅವನ ಮನೆಯ ಕಿಟಕಿಯ ಸಂದಿಯಿಂದ ಸುಟ್ಟ ರಬ್ಬರಿನ ವಾಸನೆ. ಬೀಗ ತೆಗೆದು ಒಳಗೆ ಓಡಿದೆ. ಕೋಟಿನ ಕಡೆ ನೋಡಲೂ ಇಲ್ಲ. ಫ್ರೀಜರಿನ ಹಿಂಭಾಗ ಮುಟ್ಟಲಾಗದಷ್ಟು ಬಿಸಿ, ಕೆಳಗೆ ನೆಲದಲ್ಲಿ ಕೆಂಪು ನೀರು. ಮುಚ್ಚಳ ಎತ್ತಿದೆ. ಮೇಲಿನ ಪೊಟ್ಟಣಗಳು ಮೆತ್ತಗಾಗಿವೆ. ಅವನು ಬರೆದ ಶಾಯಿ ಕದಡಿಹೋಗಿದೆ. ಮೊದಲ ದಿನದಿಂದಲೇ ಅದು ತಣ್ಣಗಾಗುತ್ತಿರಲಿಲ್ಲ. ನಾನು ಬಾಗಿಲಿಗೆ ಕಿವಿಯಿಟ್ಟು ಕೇಳಿದ ಗುಂಯ್ ಅನ್ನುವ ಸದ್ದು ಮೋಟರು ಏಳಲಾರದೆ ಒದ್ದಾಡುತ್ತಿದ್ದ ಸದ್ದು.

ನನ್ನದೇ ತಪ್ಪು ಎಂದು ಬರೆಯುವುದಕ್ಕೆ ಕೈ ಬರುತ್ತಿಲ್ಲ. ಬರೆದಿದ್ದೇನೆ, ಆಯಿತು.

ಊರಿನ ಫ್ರೀಜರುಗಳೆಲ್ಲ ತುಂಬಿವೆ, ಎಲ್ಲರ ಮಾಂಸವೂ ಕರಗುತ್ತಿದೆ. ಈ ಮಳೆಯಲ್ಲಿ ಒಣಗಿಸಲಾಗದು. ಹೊಗೆಮನೆಯ ತುಂಬ ಮೀನು. ಚಿಕ್ಕಮ್ಮ ಬಂದು ಒಂದು ತುಂಡನ್ನು ಮೂಸಿ ನೋಡಿದಳು. "ಇನ್ನೂ ಚೆನ್ನಾಗಿದೆ. ನಾಳೆ ಮಧ್ಯಾಹ್ನದ ತನಕ ಇರುತ್ತೆ" ಅಂದಳು. ಆಮೇಲೆ, "ಕೆಡೋಕೆ ಬಿಡಬಾರ್ದು ಕಣೇ. ತನ್ನನ್ನೇ ಕೊಟ್ಟ ಪ್ರಾಣಿ ಅದು. ಕೆಡಿಸಿದ್ರೆ ಈ ಊರಿನವರಿಗೆ ಮತ್ತೆ ಸಿಗಲ್ಲ. ಎಲ್ಲಾ ಬೇಯಿಸಿಬಿಡೋಣ" ಅಂದಳು.

"ಊಟಕ್ಕೆ ಇನ್ನೂ ಒಂದು ತಿಂಗಳಿದೆ ಚಿಕ್ಕಮ್ಮ. ಎಮೆಟ್‌ದು ಅಂತ ಇನ್ನೇನಿದೆ ಬಡಿಸೋಕೆ?"

ಅವಳು ನನ್ನ ಬೆನ್ನು ಸವರಿ, ಚಾಕು ಹುಡುಕಲು ಹೋದಳು.

ಜುಲೈ 14, ಸೋಮವಾರ

ಇವತ್ತು ಇಡೀ ಊರು ನನ್ನ ತಮ್ಮನ ಮೂಸನ್ನು ಉಂಡಿತು.

ಬೆಳಿಗ್ಗೆ ಚಿಕ್ಕಮ್ಮ ರೇಡಿಯೋದಲ್ಲಿ "ವರ್ನಾ ಮನೆ ಹತ್ರ ಬನ್ನಿ, ಪಾತ್ರೆ ತನ್ನಿ, ಹಸ್ಕೊಂಡ್ ಬನ್ನಿ" ಎಂದಳು. ತಾಡಪಾಲಿನ ಕೆಳಗೆ ಐದು ಒಲೆ ಹೂಡಿದರು. ಎದುರುಮನೆಯ ಕಾರ್ಲಾ ಆಲೂಗಡ್ಡೆ ತಂದಳು. ಅಂಗಡಿಯ ನಿಕೊಲಾಯ್ ಒಂದು ಮೂಟೆ ಅಕ್ಕಿ ಹೊತ್ತು ತಂದ, ಈರುಳ್ಳಿ ಹೆಚ್ಚುತ್ತ, "ನಾನ್ ಅಳ್ತಿಲ್ಲ, ಈರುಳ್ಳಿ ಕಣ್ರೇ" ಎಂದು ಮೂರು ಸಲ ಹೇಳಿದ. ತಲೆಯ ಮಾಂಸದ ಸಾರು ಮುದುಕರಿಗೆ, ಪಕ್ಕೆಲುಬು ಬೆಂಕಿಯ ಮೇಲೆ. ಯಾರೂ ಹಾಡಲಿಲ್ಲ, ಕುಣಿಯಲಿಲ್ಲ. ಬೀಳ್ಕೊಡುಗೆಗೆ ಬಂದವರಿಗೆ ಉಡುಗೊರೆ ಕೊಡಲು ನಾನು ಹೊಲಿದಿಟ್ಟ ಕಂಬಳಿಗಳು ಪೆಟ್ಟಿಗೆಯಲ್ಲೇ ಇವೆ. ಸುಮ್ಮನೆ ಒಂದು ಸೋಮವಾರ, ಮಳೆಯಲ್ಲಿ, ಎಮೆಟ್‌ನ ಕೊನೆಯ ಬೇಟೆ ಮುಗಿದುಹೋಯಿತು.

ಯಾರೂ ಯಾಕೆ ಹೀಗಾಯಿತೆಂದು ಕೇಳಲಿಲ್ಲ. ಹಳದಿ ವೈರು ಮೆಟ್ಟಿಲ ಮೇಲೇ ಬಿದ್ದಿತ್ತು, ಎಲ್ಲರೂ ನೋಡಿದರು.

ಹ್ಯೂಬರ್ಟ್ ಬರಲಿಲ್ಲ. ನಾನು ಕರೆದಿರಲೂ ಇಲ್ಲ. ಒಂದು ಡಬ್ಬಿ ಸಾರು ಎತ್ತಿಟ್ಟೆ. ಯಾರಿಗೆಂದು ಚಿಕ್ಕಮ್ಮ ಕೇಳಿದಳು. "ನಂಗೇ, ನಾಳೆಗೆ" ಅಂದೆ.

ಜುಲೈ 15, ಮಂಗಳವಾರ

ದಪ್ಪ ವೈರು ಹಾಕಿದೆ. ಜನರೇಟರನ್ನು ಗಾಡಿಗೆ ಕಟ್ಟಿಕೊಂಡು ಮನೆಮನೆಗೆ ಹೋದೆ. ನಮ್ಮದಕ್ಕೆ ಎರಡು ಗಂಟೆ, ಚಿಕ್ಕಮ್ಮನದಕ್ಕೆ ಎರಡು, ಕಾರ್ಲಾಳದಕ್ಕೆ ಎರಡು. ಅವಳ ಗಂಡ ಫ್ರೀಜರಿನ ಜೊತೆ ಟಿವಿ, ಮೈಕ್ರೋವೇವ್ ಎಲ್ಲ ಸಿಕ್ಕಿಸಲು ಹೊರಟಿದ್ದ.

"ಮೊದ್ಲು ಒಂದು ಹಾಕು. ಅದು ಸಮಾಧಾನ ಆಗ್ಲಿ. ಶುರುವಾಗೋವಾಗ ಮೂರು ನಾಲ್ಕು ಪಟ್ಟು ಎಳೆಯುತ್ತೆ, ಗೊತ್ತಾ? ಮೈಕ್ರೋವೇವ್ ಅಂತೂ ಬೇಡವೇ ಬೇಡ" ಅಂದೆ.

"ಹ್ಯೂಬರ್ಟ್ ಮಾತಾಡಿದ ಹಾಗೇ ಇದೆ" ಅಂದ.

"ಎರಡೂ ಎರಡು ನಾಲ್ಕು ಅನ್ನೋಕೂ ಹ್ಯೂಬರ್ಟೇ ಬೇಕಾ?" ಅಂದೆ.

ರಾತ್ರಿಯ ಹೊತ್ತಿಗೆ ಏಳು ಮನೆ ಆಯಿತು. ಸೊಂಟ ಬಿದ್ದುಹೋಗಿದೆ. ನಿದ್ದೆ ಬರಬಹುದು.

ಜುಲೈ 17, ಗುರುವಾರ

ನಿನ್ನೆ ವಿಮಾನ ಬಂತು. ಹ್ಯೂಬರ್ಟ್ ನಿನ್ನೆಯಿಂದ ಪವರ್‌ಹೌಸಿನಲ್ಲೇ ಇದ್ದಾನೆ, ಮನೆಗೆ ಹೋಗಿಲ್ಲ ಎಂದು ಅವನ ಹೆಂಡತಿ ರೇಡಿಯೋದಲ್ಲಿ ಯಾರಿಗೋ ಹೇಳುತ್ತಿದ್ದಳು. ನನ್ನ ಫ್ರೀಜರಿನಲ್ಲಿಟ್ಟ ಆ ಡಬ್ಬಿ ಸಾರನ್ನು ಬಿಸಿ ಮಾಡಿ ತೆಗೆದುಕೊಂಡು ಹೋದೆ. ಯಾಕೆ ಹೋದೆನೋ. ಕೆಡುತ್ತದಲ್ಲ, ಅದಕ್ಕೇ.

ಎಂಜಿನ್ನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಡಬ್ಬಿ ಮುಂದಿಟ್ಟೆ.

"ಎಮೆಟ್‌ದಾ?" ಅಂದ. ಹೂಂ ಅಂದೆ. ಮುಟ್ಟಲಿಲ್ಲ.

ಸುಮ್ಮನೆ ಬಂದುಬಿಡಬಹುದಿತ್ತು. ಆದರೆ ಕೇಳಿಬಿಟ್ಟೆ. "ಅವತ್ತು ದೋಣಿಲಿ ಏನೇನಿತ್ತು?"

"ಎರಡು ಪೀಪಾಯಿ ಎಣ್ಣೆ. ಚರ್ಚಿಗೆ ಹಲಗೆ. ಹಿಟ್ಟು."

"ಆಮೇಲೆ?"

"ಬಿಡು ಅಕ್ಕಾ."

"ನನ್ನ ಫ್ರೀಜರ್ ಇತ್ತಾ?"

ಅವನು ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿದ. "ನಾನು ದಡದಲ್ಲೇ ಇಳಿಸಿದ್ದೆ. ಭಾರ ಜಾಸ್ತಿ ಆಯ್ತು, ನಾಳೆ ಇನ್ನೊಂದ್ ಸಲ ಬರೋಣ ಅಂದೆ. ಅವನು ಕೇಳ್ಲಿಲ್ಲ. ‘ನಾಳೆ ನದೀಲಿ ಮಂಜುಗಡ್ಡೆ ಕಟ್ಟಿದ್ರೆ? ಅಕ್ಕ ಕಾಯ್ತಿದಾಳೆ’ ಅಂದ. ಅವನೇ ಎತ್ತಿ ಹಾಕ್ದ. ದೋಣಿ ನಂದು. ನಾನು ಬೇಡ ಅಂತ ಗಟ್ಟಿಯಾಗಿ ಹೇಳ್ಬೇಕಿತ್ತು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಬೀದೀಲಿ ನಿಲ್ಸಿ ಬೈದೆನಲ್ಲೋ ನಿನ್ನ!"

"ಹೇಳಿ ಏನಾಗ್ತಿತ್ತು? ಅವನೂ ಇಲ್ಲ, ನೀನೂ ಇಲ್ಲದ ಹಾಗೆ ಆಗ್ತಿತ್ತು. ನನ್ನ ಬೈಯೋಕಾದ್ರೂ ನೀನು ದಿನಾ ಹಾಸಿಗೆಯಿಂದ ಎದ್ದು ಬರ್ತಿದ್ದೆ."

ಆಗ ಅವನು ಡಬ್ಬಿ ತೆಗೆದುಕೊಂಡು, ನಿಂತುಕೊಂಡೇ ಉಂಡ. ನಾನು ಬಂದುಬಿಟ್ಟೆ.

ನೆನಪಿಲ್ಲ ಎಂದು ಬರೆದಿದ್ದೆ. ನೆನಪಿದೆ. ಯಾವತ್ತೂ ಮರೆತಿರಲಿಲ್ಲ. ಆ ಬೆಳಿಗ್ಗೆ ಅವನು ರೇಡಿಯೋದಲ್ಲಿ "ಸಾಮಾನು ತುಂಬಾ ಇದೆ, ನಿನ್ನ ಫ್ರೀಜರು ಆಮೇಲೆ ನೋಡೋಣ" ಅಂದಿದ್ದ. ನಾನು ನಗುತ್ತ, "ಫ್ರೀಜರ್ ಇಲ್ದೆ ನಮ್ಮನೆ ಬಾಗಿಲಿಗೆ ಬರಬೇಡ" ಅಂದಿದ್ದೆ. ಅವನು ಬರಲಿಲ್ಲ.

ಜುಲೈ 18, ಶುಕ್ರವಾರ

ಏಳಲಿಲ್ಲ.

ಜುಲೈ 19, ಶನಿವಾರ

ನಾಲ್ಕು ಗಂಟೆಗೆ ಕರೆಂಟು ಬಂತು. ಊರ ತುಂಬ ಕೂಗು. ರೇಡಿಯೋದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೋ ಹ್ಯೂಬರ್ಟ್‌ಗೆ ಜೈ ಅನ್ನುತ್ತಿದ್ದರು. ಸದ್ದು ಅಡಗುವವರೆಗೆ ಕಾದು ಮೈಕು ಎತ್ತಿಕೊಂಡೆ. ಗುಂಡಿ ಒತ್ತಿ ಹಿಡಿದೆ.

"ನಾನು ವರ್ನಾ. ಎಲ್ಲಾರೂ ಕೇಳಿಸ್ಕೊಳ್ಳಿ. ಹ್ಯೂಬರ್ಟ್ ದೋಣಿಗೆ ಭಾರ ಹಾಕಿ ನನ್ನ ತಮ್ಮನ್ನ ಕೊಂದ ಅಂತ ನಿಮಗೆಲ್ಲಾ ಹೇಳಿದೀನಿ. ಅದು ಸುಳ್ಳು. ಆ ಭಾರ ನಂದು. ಫ್ರೀಜರ್ ಇಲ್ದೆ ಮನೆಗೆ ಬರಬೇಡ ಅಂತ ಅವನಿಗೆ ಹೇಳಿದೋಳು ನಾನು."

ಗುಂಡಿ ಬಿಟ್ಟೆ. ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೇ ಕಾದೆ.

ಮೊದಲು ಬಂದದ್ದು ಚಿಕ್ಕಮ್ಮನ ದನಿ. "ಗೊತ್ತು ಮಗಳೇ."

ಆಮೇಲೆ ಕಾರ್ಲಾ. "ಗೊತ್ತು ಅಕ್ಕಾ."

"ಗೊತ್ತು ವರ್ನಾ" ಅಂದ ನಿಕೊಲಾಯ್. "ಅವತ್ತು ನಮ್ಮ ರೇಡಿಯೋನೂ ಆನ್ ಇತ್ತಲ್ಲ. ಎಲ್ಲಾರೂ ಕೇಳಿಸ್ಕೊಂಡಿದ್ವಿ."

ಆಮೇಲೆ ಒಂದೊಂದೇ ಮನೆಯಿಂದ, ಮೇಲಿನ ಕೇರಿಯಿಂದ, ನದಿಯ ದಂಡೆಯಿಂದ, ಸಾಲಾಗಿ ಬರುತ್ತಲೇ ಇತ್ತು. ಗೊತ್ತು. ಗೊತ್ತು. ಹ್ಯೂಬರ್ಟ್‌ನ ಹೆಂಡತಿಯೂ ಅಂದಳು, "ಗೊತ್ತು ಅಕ್ಕಾ."

ಒಂಬತ್ತು ತಿಂಗಳು ನಾನು ಬಾಯಿಗೆ ಬಂದ ಹಾಗೆ ಅಂದಾಗಲೆಲ್ಲ ಊರೆಲ್ಲ ಯಾಕೆ ಸುಮ್ಮನಿತ್ತು ಎಂದು ಆಗ ಗೊತ್ತಾಯಿತು. ನನ್ನ ಮಾತನ್ನು ಒಪ್ಪಿ ಸುಮ್ಮನಿದ್ದದ್ದಲ್ಲ.

ಸ್ವಲ್ಪ ಹೊತ್ತಿಗೆ ಹ್ಯೂಬರ್ಟ್ ಬಂದ. ಒಳಗೆ ಬಾ ಅಂದೆ. ಬಂದು ಮೇಜಿನ ಎದುರು ಕೂತ. ಅವನು ಮೊದಲು ಅತ್ತ, ಆಮೇಲೆ ನಾನು. ಎಮೆಟ್‌ನನ್ನು ಮಣ್ಣು ಮಾಡುವಾಗಲೂ ನಾನು ಅತ್ತಿರಲಿಲ್ಲ, ಸಿಟ್ಟಾಗಿದ್ದೆ. ನನ್ನ ತಮ್ಮ ಸತ್ತುಹೋಗಿದ್ದಾನೆ ಎಂದು ಇವತ್ತು ಅತ್ತೆ.